ಮನೆವಾರ್ತೆ: ಕಳಿಸಿದ ಹಣ ತಿರುಗಿ ಹೋದರೆ

“ಮಗ ದುಬೈಯಿಂದ ಹಣ ಹಾಕಿದ್ದೇನೆ ಅಂತಾನೆ, ಬ್ಯಾಂಕಿನವರು ಬಂದೇ ಇಲ್ಲ ಅಂತಾರೆ. ಮಗಳ ಕಾಲೇಜು ಫೀಸಿಗೆ ಕೊನೇ ದಿನ ಹತ್ತಿರ ಬಂತು. ಅವನು ಕಳಿಸಿಯೇ ಇಲ್ಲ ಎಂದು ಯಜಮಾನರಿಗೆ ಸಿಟ್ಟು. ನಾನು ಯಾರನ್ನು ನಂಬಲಿ?” ಕುಂದಾಪುರದ ಕಡೆಯ ಸೋದರಿಯೊಬ್ಬರ ಪ್ರಶ್ನೆ ಇದು.

ಸೋದರಿ, ಇಬ್ಬರ ಮಾತೂ ನಿಜವಿರಬಹುದು. ವಿಳಾಸ ತಪ್ಪಿದ ಕಾಗದದ ಹಾಗೆ, ವಿವರ ತಪ್ಪಿದ ಹಣವೂ ಕಳಿಸಿದವರಿಗೇ ತಿರುಗಿ ಹೋಗುವುದುಂಟು. ಮಗನನ್ನು ಗದರಿಸುವ ಮೊದಲು ಪಾಸ್‌ಪುಸ್ತಕ ಎದುರಿಗಿಟ್ಟುಕೊಂಡು, ಅವನು ಬರೆದ ವಿವರವನ್ನು ಫೋನಿನಲ್ಲೇ ಓದಿಸಿ ತಾಳೆ ನೋಡಿ.

ಮೊದಲು ಹೆಸರು. ಪಾಸ್‌ಪುಸ್ತಕದಲ್ಲಿ ‘ಸಾವಿತ್ರಮ್ಮ ಕೆ.’ ಎಂದಿದ್ದು, ಮಗ ‘ಸಾವಿತ್ರಿ ಭಟ್’ ಎಂದು ಬರೆದಿದ್ದರೆ ತಕರಾರು ಬರಬಹುದು. ತೌರಿನ ಹೆಸರು, ಗಂಡನ ಮನೆಯ ಹೆಸರು ಬೆರೆಯುವ ನಮ್ಮಂಥ ಹೆಂಗಸರಿಗೆ ಈ ಪಾಡು ಹೆಚ್ಚು.

ಆಮೇಲೆ ಐ.ಎಫ್.ಎಸ್.ಸಿ. ಇದರಲ್ಲಿ 11 ಅಕ್ಷರ. ಐದನೆಯದು ಸೊನ್ನೆ, ‘ಓ’ ಅಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವಲ್ಲವೆ? ಹಳೇ ಪಾಸ್‌ಪುಸ್ತಕದ ಸಂಕೇತ ಈಗ ನಡೆಯದು. ಹೊಸದನ್ನು ಶಾಖೆಯಲ್ಲೇ ಬರೆಸಿಕೊಳ್ಳಿ. ಸ್ವಿಫ್ಟ್ ಸಂಕೇತ ಕೇಳಿದರೆ ಅದೂ ಅಲ್ಲೇ ಸಿಗುತ್ತದೆ; 8 ಅಥವಾ 11 ಅಕ್ಷರವಿರುತ್ತದೆ. ಐಬ್ಯಾನ್ ಎಂದರೆ ಹುಡುಕಲು ಹೋಗಬೇಡಿ, ನಮ್ಮ ದೇಶದ ಖಾತೆಗಳಿಗೆ ಅದಿಲ್ಲ.

ಮೂರನೆಯದು ಖಾತೆಯ ಬಗೆ. ಪೂರ್ತಿ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ಗೆ, ಗುರುತಿನ ದಾಖಲೆ ಪೂರ್ಣವಾಗುವ ತನಕ ಪರದೇಶದ ಹಣ ಜಮಾ ಮಾಡುವಂತಿಲ್ಲ. ಆಧಾರ್, ಪ್ಯಾನ್ ಹಿಡಿದು ಹೋಗಿ ಸರಿಮಾಡಿಸಿ.

ಇನ್ನು ಮಗನ ಕೆಲಸ. ಬ್ಯಾಂಕಿನ ಮೂಲಕ ಕಳಿಸಿದ್ದರೆ ಯು.ಇ.ಟಿ.ಆರ್. ಎಂಬ ಗುರುತು ಸಂಖ್ಯೆ ಕೇಳಲಿ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅದರಿಂದ ಪತ್ತೆ ಮಾಡಬಹುದು. ವಾಪಸಾಗಿದ್ದರೆ ಕಾರಣವನ್ನು ಬರವಣಿಗೆಯಲ್ಲೇ ಪಡೆಯಲಿ. ಹಣ ಕೈಸೇರಿದ್ದು ಖಾತ್ರಿಯಾದ ಮೇಲೆಯೇ ಮತ್ತೆ ಕಳಿಸಲಿ. ಖರ್ಚು ಮುರಿದುಕೊಂಡು, ವಿನಿಮಯ ದರವೂ ಬದಲಾಗಿ, ಸ್ವಲ್ಪ ಕಡಿಮೆಯೇ ಬಂದೀತು.

ಫೀಸಿನ ಮಾತು ತಡಮಾಡಬೇಡಿ. ಹಣ ಕಳಿಸಿದ ರಸೀದಿಯ ಪ್ರತಿ ತರಿಸಿ, ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಕೆಲವು ದಿನ ಅವಕಾಶ ಕೇಳಿ. ಯಜಮಾನರಿಗೂ ಅದನ್ನೇ ತೋರಿಸಿ. ನೂರು ಮಾತಿಗಿಂತ ಒಂದು ರಸೀದಿ ಮೇಲು.

ಒಂದು ಎಚ್ಚರಿಕೆ. “ನಿಮ್ಮ ಹಣ ತಡೆದಿದೆ, ಬಿಡಿಸಿಕೊಡ್ತೀವಿ, ಓ.ಟಿ.ಪಿ. ಹೇಳಿ” ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ನಿಮ್ಮ ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಫೋನ್ ಮಾಡಿ ವಿಚಾರಿಸಿ.