ನೋವು ಬರಿಸಿ ಮಾಡುವ ಹೆರಿಗೆಗೆ ಅಂಜಬೇಡಿ, ಅಂಜುವವಳನ್ನು ಒಂಟಿ ಬಿಡಬೇಡಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗರ್ಭಿಣಿಯರಿಗೆ, ಅವರ ಮನೆಯವರಿಗೆ, ಆಶಾ ಅಕ್ಕಂದಿರಿಗೆ, ಹೆರಿಗೆ ವಾರ್ಡಿನ ಸಿಬ್ಬಂದಿಗೆ

ದಿನ ತುಂಬಿತು, ನೋವು ಬರಲಿಲ್ಲ. "ನಾಳೆ ಬೆಳಿಗ್ಗೆ ಬಂದು ಅಡ್ಮಿಟ್ ಆಗಮ್ಮ, ನೋವು ಬರಿಸೋಣ" ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯಲ್ಲಿ ಮಾತು ಶುರುವಾಗುತ್ತದೆ. ಇಂಜೆಕ್ಷನ್ ಕೊಟ್ಟು ಬರಿಸಿದ ನೋವನ್ನು ತಡೆಯೋಕಾಗಲ್ಲವಂತೆ. ಹೇಗಿದ್ದರೂ ಕೊನೆಗೆ ಆಪರೇಷನ್ನೇ ಮಾಡುತ್ತಾರಂತೆ. ಇನ್ನೊಂದು ವಾರ ಕಾದರೆ ತಾನಾಗೇ ಬರುತ್ತದಲ್ಲ, ಇವರಿಗೇನು ಅವಸರ? ಈ ಮಾತುಗಳ ನಡುವೆ ಕುಳಿತ ಚೊಚ್ಚಲ ಬಸುರಿಗೆ ಮೊದಲೇ ಇದ್ದ ಭಯ ಇಮ್ಮಡಿಯಾಗುತ್ತದೆ.

ಈ ಕರಪತ್ರ ಹೇಳುವುದು ಇಷ್ಟೇ: ಸರಿಯಾದ ಕಾರಣಕ್ಕೆ, ಸರಿಯಾದ ಸಮಯದಲ್ಲಿ, ಎಲ್ಲವನ್ನೂ ವಿವರಿಸಿ ಹೇಳಿ, ಜೊತೆಗೊಬ್ಬರನ್ನು ಇರಗೊಟ್ಟು ನೋವು ಬರಿಸಿದರೆ, ಅಂಜಿಕೆಯಲ್ಲಿರುವ ಹೆಣ್ಣಿಗೂ ಅದು ನೆಮ್ಮದಿಯ ಹೆರಿಗೆಯಾಗಬಲ್ಲದು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಬಹುದಾದ ಕೆಲಸವೇ ಇದು.

ಹೆರಿಗೆಯ ಭಯವನ್ನು ಹಗುರವಾಗಿ ಕಾಣುವುದು ಮೊದಲ ತಪ್ಪು. "ನಾವೆಲ್ಲ ಹೆತ್ತಿಲ್ಲವಾ" ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಕೆಲವು ಹೆಂಗಸರಲ್ಲಿ ಈ ಭಯ ನಿದ್ದೆ ಕೆಡಿಸುವ, ಊಟ ಸೇರದಂತೆ ಮಾಡುವ ಮಟ್ಟಕ್ಕೆ ಹೋಗುತ್ತದೆ. ಮನೋವೈದ್ಯರು ಇದನ್ನು ಟೋಕೋಫೋಬಿಯಾ ಎಂದು ಕರೆದು 2000ನೇ ಇಸವಿಯಿಂದ ವೈದ್ಯಕೀಯ ಬರಹಗಳಲ್ಲಿ ವಿವರಿಸುತ್ತ ಬಂದಿದ್ದಾರೆ. ಮೊದಲ ಹೆರಿಗೆಯಲ್ಲಿ ಬಹಳ ನರಳಿದವಳಿಗೆ ಎರಡನೆಯದರಲ್ಲಿ ಈ ಭಯ ಮರುಕಳಿಸಬಹುದು. ಇನ್ನು ಸುತ್ತಲಿನ ಸುದ್ದಿ ಬೇರೆ. 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿಯನ್ನು ನಮ್ಮ ಜಿಲ್ಲೆಯ ಪ್ರತಿ ಬಸುರಿಯೂ ಟಿವಿಯಲ್ಲಿ ನೋಡಿದ್ದಾಳೆ. ಅವಳ ಭಯಕ್ಕೆ ಕಾರಣವಿದೆ. ಬೈದರೆ ಅದು ಹೋಗುವುದಿಲ್ಲ. ಏನು ನಡೆಯುತ್ತದೆ, ಯಾವಾಗ ನಡೆಯುತ್ತದೆ, ಜೊತೆಗೆ ಯಾರಿರುತ್ತಾರೆ ಎಂದು ತಿಳಿದರೆ ಕಡಿಮೆಯಾಗುತ್ತದೆ.

ನೋವು ಬರಿಸುವ ಹೆರಿಗೆ ಅಂಜಿದವಳಿಗೆ ಅನುಕೂಲವಾಗುವುದು ಇಲ್ಲೇ. ತಾನಾಗಿ ಬರುವ ನೋವು ಹಗಲೋ ರಾತ್ರಿಯೋ ಯಾರಿಗೂ ಗೊತ್ತಿಲ್ಲ. ಹೊಸದುರ್ಗದಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಸುಮಾರು 60 ಕಿಲೋಮೀಟರ್, ಹಿರಿಯೂರಿನಿಂದ ಸುಮಾರು 40, ಹೊಳಲ್ಕೆರೆಯಿಂದ 30ಕ್ಕೂ ಹೆಚ್ಚು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿಯನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ನಡುರಾತ್ರಿ ನೀರು ಹೋಗಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಹೊಸಿಲ ಮೇಲೆ ಕಾಯುವುದನ್ನೇ ನೆನೆದು ಎಷ್ಟೋ ಹೆಂಗಸರು ಎಂಟನೇ ತಿಂಗಳಿನಿಂದ ನಿದ್ದೆಗೆಡುತ್ತಾರೆ. ದಿನ ಗೊತ್ತಿದ್ದರೆ ಹಗಲು ಹೊತ್ತಿನಲ್ಲೇ ಹೊರಡಬಹುದು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಹಳೇ ಸೀರೆ, ಮಗುವಿನ ಬಟ್ಟೆ ಎಲ್ಲವೂ ಚೀಲದಲ್ಲಿ ಸಿದ್ಧವಿರುತ್ತವೆ. ಮೊದಲ ಮಗುವನ್ನು ಯಾರ ಬಳಿ ಬಿಡುವುದು, ರಕ್ತ ಬೇಕಾದರೆ ಯಾರು ಕೊಡುವುದು ಎಂಬುದು ತೀರ್ಮಾನವಾಗಿರುತ್ತದೆ. ಮೊದಲ ನೋವು ಕಾಣಿಸಿಕೊಳ್ಳುವಾಗಲೇ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಿರುತ್ತಾರೆ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ನೋವು ಬರಿಸುವುದೆಂದರೆ ಒಂದು ಸೂಜಿ ಚುಚ್ಚಿ ಮಗುವನ್ನು ಹೊರಗೆಳೆಯುವುದಲ್ಲ. ಮೊದಲು ಒಳಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಕೆಳಗೆ ಇಳಿದಿದೆ ಎಂದು ನೋಡಿ ಅಂಕ ಕೊಡುತ್ತಾರೆ. ಎಡ್ವರ್ಡ್ ಬಿಷಪ್ ಎಂಬ ವೈದ್ಯರು 1964ರಲ್ಲಿ ರೂಪಿಸಿದ ಈ ಅಂಕಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಬಾಯಿ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಹದಕ್ಕೆ ತರುವುದೇ ಮೊದಲ ಕೆಲಸ. ಅದಕ್ಕೆ ಜೆಲ್ ಇಡಬಹುದು. ಇಲ್ಲವೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ಎರಡು ಗಂಟೆಗೊಮ್ಮೆ ಬಾಯಿ ಮೂಲಕ 25 ಮೈಕ್ರೋಗ್ರಾಂ. ಇನ್ನೊಂದು ದಾರಿ, ಮೂತ್ರಕ್ಕೆ ಹಾಕುವ ಫೋಲಿ ನಳಿಕೆಯನ್ನೇ ಗರ್ಭಕೋಶದ ಬಾಯಿಗೆ ಇಟ್ಟು ಅದರ ತುದಿಯ ಬಲೂನಿಗೆ ಸಲೈನ್ ತುಂಬುವುದು. ಬಾಯಿ ತೆರೆದ ಮೇಲೆ ಬೇಕಾದರೆ ನೀರಿನ ಚೀಲ ಒಡೆದು ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ಅದನ್ನು ಹನಿಹನಿಯಾಗಿ ಶುರುಮಾಡಿ, ಮಗುವಿನ ಎದೆಬಡಿತ ನೋಡಿಕೊಳ್ಳುತ್ತ ನಿಧಾನವಾಗಿ ಏರಿಸುತ್ತಾರೆ.

ಆಕ್ಸಿಟೋಸಿನ್ ಹೆಸರು ಕೇಳಿದರೆ ನಮ್ಮ ಕಡೆ ಜನ ಬೆಚ್ಚುತ್ತಾರೆ. ಎಮ್ಮೆ ಹಾಲು ಇಳಿಸಲೆಂದು ಕೆಲವರು ಕದ್ದುಮುಚ್ಚಿ ಚುಚ್ಚುವ ಇಂಜೆಕ್ಷನ್ ಅದೇ ಎಂಬುದು ಹಲವರಿಗೆ ಗೊತ್ತು. ಆ ದುರ್ಬಳಕೆ ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಅದನ್ನು ತಯಾರಿಸಬಾರದು, ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಮಾತ್ರ ತಯಾರಿಸಬೇಕು ಎಂದು ಹೊರಟಿತ್ತು. ತಾಯಂದಿರ ಜೀವ ಉಳಿಸುವ ಔಷಧಿಗೆ ಕೊರತೆಯಾದೀತು ಎಂಬ ವಾದ ಕೋರ್ಟಿಗೆ ಹೋಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆಕ್ಸಿಟೋಸಿನ್ ಹೆಣ್ಣಿನ ಮೈಯಲ್ಲೇ ಹುಟ್ಟುವ, ಹೆರಿಗೆ ನೋವನ್ನು ಬರಿಸುವ, ಎದೆಹಾಲನ್ನು ಇಳಿಸುವ ರಸ. ವಿನ್ಸೆಂಟ್ ದು ವಿನ್ಯೊ ಎಂಬ ವಿಜ್ಞಾನಿ 1953ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿ ತೋರಿಸಿದರು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು.

ಅಪಾಯವಿರುವುದು ಆಸ್ಪತ್ರೆಯ ಹೊರಗೆ ಅದನ್ನು ಬಳಸಿದಾಗ. ಮನೆಯಲ್ಲೋ ಊರಿನ ಸಣ್ಣ ಕ್ಲಿನಿಕ್ಕಿನಲ್ಲೋ "ಬೇಗ ಆಗಲಿ" ಎಂದು ಯಾರಾದರೂ ಸೊಂಟಕ್ಕೆ ಚುಚ್ಚಲು ಬಂದರೆ ಖಂಡಿತ ಒಪ್ಪಬೇಡಿ. ಒಮ್ಮೆಗೇ ಹೋದ ಔಷಧಿಯನ್ನು ನಿಲ್ಲಿಸಲು ಬರುವುದಿಲ್ಲ. ನೋವು ಬಿಡುವಿಲ್ಲದೆ ಬಂದು ಮಗುವಿಗೆ ಉಸಿರುಗಟ್ಟಬಹುದು, ಗರ್ಭಕೋಶ ಹರಿಯಬಹುದು. ಆಸ್ಪತ್ರೆಯ ಡ್ರಿಪ್ಪನ್ನಾದರೆ ನೋವು ಅತಿಯಾದಾಗ ಆ ಕ್ಷಣವೇ ನಿಲ್ಲಿಸಬಹುದು.

"ಕೊನೆಗೆ ಆಪರೇಷನ್ನೇ" ಎಂಬ ಮಾತಿಗೆ ಅಧ್ಯಯನಗಳು ಏನು ಹೇಳುತ್ತವೆ? ಅಮೆರಿಕದ 41 ಆಸ್ಪತ್ರೆಗಳಲ್ಲಿ 6,106 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದ ಅರೈವ್ ಎಂಬ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 39ನೇ ವಾರದಲ್ಲಿ ನೋವು ಬರಿಸಿದ ಗುಂಪಿನಲ್ಲಿ ಸಿಜೇರಿಯನ್ ಶೇ. 18.6. ಕಾದು ನೋಡಿದ ಗುಂಪಿನಲ್ಲಿ ಶೇ. 22.2. ಬಿಪಿ ಏರಿದವರ ಸಂಖ್ಯೆಯೂ ಮೊದಲ ಗುಂಪಿನಲ್ಲೇ ಕಡಿಮೆ. ಅಂಜಿದ ಹೆಣ್ಣುಮಕ್ಕಳು ಗಮನಿಸಬೇಕಾದ ಇನ್ನೊಂದು ಅಂಶ ಇದರಲ್ಲಿದೆ: ನೋವು ಬರಿಸಿಕೊಂಡವರೇ ತಮಗೆ ನೋವು ಕಡಿಮೆ ಎನಿಸಿತು, ಹೆರಿಗೆ ತಮ್ಮ ಹಿಡಿತದಲ್ಲಿತ್ತು ಎನಿಸಿತು ಎಂದು ಹೆಚ್ಚಾಗಿ ಹೇಳಿದರು. ನೋವು ನಿವಾರಣೆಯ ಅನುಕೂಲ ಚೆನ್ನಾಗಿರುವ ದೊಡ್ಡ ಆಸ್ಪತ್ರೆಗಳು ಅವು, ಇದನ್ನು ಮರೆಯಬಾರದು. ಅದಕ್ಕೇ ನಮಗೆ ಹತ್ತಿರದ ಉದಾಹರಣೆ ನಾಗಪುರ. ಅಲ್ಲಿನ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಹೆಚ್ಚಿದ್ದ 602 ಗರ್ಭಿಣಿಯರಿಗೆ ನೋವು ಬರಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಗ್ಗದ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ಶೇ. 57 ಮಂದಿಗೆ, ಫೋಲಿ ನಳಿಕೆ ಹಾಕಿಸಿಕೊಂಡವರಲ್ಲಿ ಶೇ. 47 ಮಂದಿಗೆ 24 ಗಂಟೆಯೊಳಗೆ ನಾರ್ಮಲ್ ಹೆರಿಗೆಯಾಯಿತು. ಇವರೆಲ್ಲ ತೊಂದರೆಯಿದ್ದ ಬಸುರಿಯರು. ಜನಜಂಗುಳಿಯ ಸರ್ಕಾರಿ ವಾರ್ಡಿನಲ್ಲೇ ಇದು ಸಾಧ್ಯವಾಯಿತು.

ಕಾಯುವುದರಲ್ಲೂ ಅಪಾಯವಿದೆ ಎಂದು ತೋರಿಸಿದ್ದು ಸ್ವೀಡನ್. 41 ವಾರಕ್ಕೆ ನೋವು ಬರಿಸುವುದು ಲೇಸೋ, 42ರವರೆಗೆ ಕಾಯುವುದು ಲೇಸೋ ಎಂದು ಅಲ್ಲಿ 2,760 ಮಹಿಳೆಯರಲ್ಲಿ ಹೋಲಿಸಿ ನೋಡಿದರು. ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, ಇನ್ನೊಂದರಲ್ಲಿ ಒಂದೂ ಇಲ್ಲ. ಮುಂದುವರಿಸುವುದು ಸರಿಯಲ್ಲವೆಂದು ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. 2019ರಲ್ಲಿ ಪ್ರಕಟವಾದ ಈ ಸಂಗತಿ ತಿಳಿದ ಮೇಲೆ "ಇನ್ನೊಂದು ವಾರ ಕಾದರೆ ಏನಾಗುತ್ತೆ" ಎಂಬ ಮಾತನ್ನು ಮನೆಯ ಹಿರಿಯರು ಮತ್ತೊಮ್ಮೆ ಯೋಚಿಸಿ ಆಡಬೇಕು.

ಹಾಗೆಂದು ಎಲ್ಲರಿಗೂ ನೋವು ಬರಿಸಿ ಎಂದು ಈ ಕರಪತ್ರ ಕೇಳುತ್ತಿಲ್ಲ. ಯಾವ ತೊಂದರೆಯೂ ಇಲ್ಲದಿದ್ದರೆ 41 ವಾರ ತುಂಬಿದ ಮೇಲೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ, ಶುಗರ್, ನೀರು ಹೋಗಿಯೂ ನೋವು ಬಾರದಿರುವುದು, ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು ಇದ್ದರೆ ಡಾಕ್ಟರು ಮೊದಲೇ ಹೇಳಬಹುದು. ವಾರದ ಲೆಕ್ಕ ತಪ್ಪಬಾರದೆಂದರೆ ಮೊದಲ ಮೂರು ತಿಂಗಳೊಳಗೆ ಸ್ಕ್ಯಾನಿಂಗ್ ಮಾಡಿಸಿರಬೇಕು. ಅಮಾವಾಸ್ಯೆ ತಪ್ಪಿಸಲು, ಒಳ್ಳೆಯ ನಕ್ಷತ್ರ ಹಿಡಿಯಲು ದಿನ ನಿಗದಿ ಮಾಡಿಸುವುದು ತಾಯಿಗೂ ಮಗುವಿಗೂ ಮಾಡುವ ಅನ್ಯಾಯ. ಹಿಂದೆ ಸಿಜೇರಿಯನ್ ಆದವರು ಅದನ್ನು ಮುಚ್ಚಿಡದೆ ಹೇಳಲೇಬೇಕು, ಅವರಿಗೆ ಮಿಸೊಪ್ರೊಸ್ಟಾಲ್ ಕೊಡುವಂತಿಲ್ಲ.

ಕಷ್ಟವನ್ನೂ ಮುಚ್ಚಿಡುವಂತಿಲ್ಲ. ಚೊಚ್ಚಲಲ್ಲಿ ಒಂದು ಹಗಲು, ಒಂದು ರಾತ್ರಿ ಮೀರಿಯೂ ಹೋಗಬಹುದು. ಡ್ರಿಪ್ ಏರಿದಂತೆ ನೋವು ಒತ್ತೊತ್ತಾಗಿ ಬರುತ್ತದೆ. ಕೆಲವರಿಗೆ ಎಷ್ಟು ಮಾಡಿದರೂ ಬಾಯಿ ತೆರೆಯದೆ ಆಪರೇಷನ್ ಬೇಕಾಗುತ್ತದೆ. ಅದು ಅವಳ ಸೋಲಲ್ಲ. ಇದನ್ನೆಲ್ಲ ಮೊದಲೇ ಹೇಳಿದ್ದರೆ ಹನ್ನೆರಡು ಗಂಟೆ ಕಳೆದರೂ ಅವಳು ಕಂಗೆಡುವುದಿಲ್ಲ. ಹೇಳದೇ ಹೋದರೆ ಎರಡನೇ ಮಾತ್ರೆಗೇ "ನನಗೇನೋ ಆಗಿದೆ" ಎಂದು ಅಳಲು ಶುರುಮಾಡುತ್ತಾಳೆ.

ಎಲ್ಲಕ್ಕಿಂತ ದೊಡ್ಡ ವಿಷಯ, ಜೊತೆ. ಪಕ್ಕದ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹಿಂದಿನ ಕಾಲದ ಮನೆ ಹೆರಿಗೆಗೆ ಮರಳಬೇಕಿಲ್ಲ. ಕರ್ನಾಟಕದಲ್ಲಿ ಈಗ ಶೇ. 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದೆ, ಅದು ಒಳ್ಳೆಯದೇ. ಆದರೆ ಸೂಲಗಿತ್ತಿ ಬೆನ್ನು ನೀವುತ್ತ, ಧೈರ್ಯ ಹೇಳುತ್ತ ಇಡೀ ರಾತ್ರಿ ಕೂರುತ್ತಿದ್ದಳಲ್ಲ, ಅದನ್ನು ನಾವು ಆಸ್ಪತ್ರೆಯ ಬಾಗಿಲ ಹೊರಗೆ ಬಿಟ್ಟುಬಂದೆವು. ಹೆರಿಗೆಯುದ್ದಕ್ಕೂ ಜೊತೆಗೊಬ್ಬರಿದ್ದರೆ ನಾರ್ಮಲ್ ಹೆರಿಗೆ ಹೆಚ್ಚುತ್ತದೆ, ನೋವಿನ ಅವಧಿ ತಗ್ಗುತ್ತದೆ, ಸಿಜೇರಿಯನ್ ಕಡಿಮೆಯಾಗುತ್ತದೆ ಎಂದು 15,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನಗಳ ಪರಾಮರ್ಶೆ 2017ರಲ್ಲಿ ಹೇಳಿತು. ಅದಕ್ಕೂ ಮೊದಲೇ, 2016ರಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿದೆ. 2017ರ ಡಿಸೆಂಬರ್‌ನಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮವೂ ಗೌರವದ ಹೆರಿಗೆಗೆ ಒತ್ತು ಕೊಡುತ್ತದೆ. ಅಮ್ಮ, ಅತ್ತೆ, ಅಕ್ಕ, ಯಾರೇ ಆಗಲಿ, ಒಬ್ಬರು ಒಳಗಿರುವುದು ಯಾರದೋ ಉಪಕಾರವಲ್ಲ.

ಹಟ್ಟಿಗಳ ಹೆಣ್ಣುಮಕ್ಕಳಿಗೆ ಈ ಜೊತೆ ಇನ್ನೂ ಮುಖ್ಯ. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಹೆರಿಗೆಯಾದವಳನ್ನು ಸೂತಕವೆಂದು ಹಟ್ಟಿಯ ಹೊರಗಿಡುವ ರೂಢಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಮಳೆಗಾಲದ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೆತ್ತ ಮೇಲೆ ಗುಡಿಸಲಿಗೆ ಹೋಗಬೇಕೆಂದು ಗೊತ್ತಿರುವವಳಿಗೆ ಹೆರಿಗೆಯ ಭಯ ಹೋಗುವುದಾದರೂ ಹೇಗೆ? ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆಯ ಪ್ರಕಾರ ಹೀಗೆ ಹೊರಗಿಡುವುದು ಅಪರಾಧ. ಹಟ್ಟಿಯ ಯಜಮಾನರು ಇದನ್ನು ತಾವಾಗಿಯೇ ನಿಲ್ಲಿಸಬೇಕು.

ಗರ್ಭಿಣಿಯರೇ, ನೋವು ಬರಿಸೋಣ ಎಂದಾಗ ಸಂಕೋಚಪಡದೆ ಕೇಳಿ: ಯಾಕೆ ಬೇಕು, ಕಾದರೆ ಏನಾಗುತ್ತದೆ, ಯಾವ ಔಷಧಿ, ಎಷ್ಟು ಹೊತ್ತು ಹಿಡಿಯಬಹುದು, ನೋವು ತಡೆಯಲಾಗದಿದ್ದರೆ ಏನು ಕೊಡುತ್ತೀರಿ. ಭಯವಿದ್ದರೆ ಅದನ್ನೂ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ವೈದ್ಯರೇ, ನರ್ಸ್ ಅಕ್ಕಂದಿರೇ, ನಿಮ್ಮ ಮೇಲಿನ ಕೆಲಸದ ಹೊರೆ ಜನರಿಗೆ ಗೊತ್ತಿದೆ. ಆದರೂ ಮಾತ್ರೆ ಕೊಡುವ ಮೊದಲು ಐದು ನಿಮಿಷ ಕೂತು ವಿವರಿಸಿ, ಅವಳ ಜೊತೆಗಾತಿಯನ್ನು ಒಳಗೆ ಬಿಡಿ. ಗಂಡಂದಿರೇ, ಖರ್ಚಿನ ಚಿಂತೆ ಬೇಡ: 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ.

ಭಯ ರಾತ್ರಿ ನಿದ್ದೆ ಕೊಡದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.