‘ಆಯ್ತು’ ಎಂದರೆ ಮುಗಿಯಿತೇ?

ಕಾಗದದ ಮೇಲೆ ಬರೀ ‘ವಿಜಯನಗರ’ ಎಂದು ಬರೆದರೆ ಅದು ಎಲ್ಲಿಗೆ ಹೋಗಬೇಕು? ಬೆಂಗಳೂರಿಗೋ, ಮೈಸೂರಿಗೋ, 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ಹುಟ್ಟಿದ ಜಿಲ್ಲೆಗೋ? ಮೈಸೂರು ಎಂದು ಸೇರಿಸಿದರೂ ತೊಡಕು ತೀರದು. ಇಲ್ಲಿ ಒಂದನೇ ಹಂತ, ಎರಡನೇ ಹಂತ, ಮೂರು, ನಾಲ್ಕು ಎಂದು ಹಂತಗಳುಂಟು. ಹಂತ ತಿಳಿಯದೆ ಅಡ್ಡರಸ್ತೆಯ ಸಂಖ್ಯೆಯೊಂದನ್ನೇ ಹಿಡಿದು ಬಂದ ನೆಂಟರು ಬಿಸಿಲಲ್ಲಿ ಸುತ್ತಾಡಿ, ಕೊನೆಗೆ ಮೂಲೆಯ ಅಂಗಡಿಯವರನ್ನು ಕೇಳಿಯೇ ಮನೆ ಮುಟ್ಟುತ್ತಾರೆ. ಕೇಳುವ ಬಾಯಿ ಇರುವುದರಿಂದ ಮನುಷ್ಯರಿಗೆ ಅರ್ಧ ವಿಳಾಸವೂ ಸಾಕು.

ಕೇಳದೆಯೇ ಹೊರಟುಬಿಡುವ ಕೆಲಸಗಾರನೊಬ್ಬ ಈಗ ಕಂಪ್ಯೂಟರ್ ಕಚೇರಿಗಳನ್ನು ಹೊಕ್ಕಿದ್ದಾನೆ. ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಎಂದು ಇವನ ಹೆಸರು. ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವವನಲ್ಲ. ಕಡತ ತೆರೆಯುತ್ತಾನೆ, ಪ್ರೋಗ್ರಾಮು ಬರೆಯುತ್ತಾನೆ, ಅಳಿಸುತ್ತಾನೆ. ವಿಜಯನಗರಕ್ಕೆ ಸಮೀಪದ ಹೆಬ್ಬಾಳದಲ್ಲಿ ಇನ್ಫೋಸಿಸ್ 2005ರಲ್ಲಿ ತರಬೇತಿ ಕೇಂದ್ರ ತೆರೆದಾಗ, ಕಾಲೇಜಿನಿಂದ ಬಂದ ಹುಡುಗ ಹುಡುಗಿಯರಿಗೆ ಇದೇ ಕೆಲಸ ಕಲಿಸಲು ತಿಂಗಳುಗಳೇ ಬೇಕಾಗುತ್ತಿದ್ದವು. ಏಜೆಂಟಿಗೆ ಸಿಗುವುದು ಒಂದು ಕೈಪಿಡಿ ಮಾತ್ರ. ಅದನ್ನೂ ಪ್ರತಿ ಸಲ ಹೊಸದಾಗಿ ಓದಬೇಕು. ಏಕೆಂದರೆ ಒಂದು ಸರದಿಯ ಮಾತುಕತೆ ಮುಗಿದರೆ ನಿನ್ನೆಯ ಕೆಲಸ ಅವನಿಗೆ ತಾನಾಗಿ ನೆನಪಿರುವುದಿಲ್ಲ. ಎಲ್ಲಿಗೆ ಬಿಟ್ಟಿದ್ದೆ ಎಂಬುದನ್ನು ಎಲ್ಲಿಯಾದರೂ ಬರೆದಿಡಲೇಬೇಕು.

ಈ ಮರೆವಿಗೆ ಮದ್ದಾಗಿ ಬಂದದ್ದು ಏಜೆಂಟರಿಗೆಂದೇ ಮಾಡಿದ ಕೆಲಸದ ಪಟ್ಟಿ. ಹಿಂದೆ ಅಮೆಜಾನ್, ಗೂಗಲ್‌ಗಳಲ್ಲಿ ಎಂಜಿನಿಯರ್ ಆಗಿದ್ದ ಸ್ಟೀವ್ ಯೆಗ್ಗಿ 2025ರಲ್ಲಿ ಹೊರತಂದ ‘ಬೀಡ್ಸ್’ ಅಂಥದ್ದೊಂದು. ಅದರ ಸೊಗಸು ತಿಳಿಯಲು ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಹೊಸ ವರ್ಷಕ್ಕೆ ಹಂಚುವ ಲಾಡುಗಳನ್ನು ನೆನೆಯಬಹುದು. ಲಕ್ಷದ ಲೆಕ್ಕದ ಲಾಡು. ಹಿಟ್ಟು ಕಲಸದೆ ಬೂಂದಿ ಕರಿಯುವಂತಿಲ್ಲ, ಪಾಕಕ್ಕೆ ಬೀಳದ ಬೂಂದಿಯನ್ನು ಉಂಡೆ ಕಟ್ಟುವಂತಿಲ್ಲ. ಆದರೆ ಸಕ್ಕರೆ ಪಾಕವನ್ನು ಬೂಂದಿಗೆ ಕಾಯದೆ ಆರಂಭಿಸಬಹುದು. ಯಾವುದು ಯಾವುದಕ್ಕೆ ಕಾದಿದೆ ಎಂಬುದನ್ನು ಬೀಡ್ಸ್ ಗುರುತಿಟ್ಟುಕೊಳ್ಳುತ್ತದೆ. ಈಗ ಕೈಹಾಕಬಹುದಾದ ಕೆಲಸಗಳನ್ನಷ್ಟೇ ತೋರಿಸಲು ‘ಬಿ ಡಿ ರೆಡಿ’ ಎಂಬ ಆದೇಶವಿದೆ. (ಬೇಗ ಹೇಳಿದರೆ ಕನ್ನಡದ ಕಿವಿಗೆ ಬೇರೇನೋ ಕೇಳಿಸೀತು!)

ಉಪಕರಣವೇನೋ ಸರಳ. ಅದರ ಕೈಪಿಡಿ ಬರೆಯುವುದೇ ಕಷ್ಟ. ಮನುಷ್ಯರಿಗೆ ಬರೆಯುವವರು ಪರದೆಯ ಚಿತ್ರ ಹಾಕಿ, ‘ಬಲಗಡೆಯ ನೀಲಿ ಗುಂಡಿ ಒತ್ತಿರಿ’ ಎಂದು ಮುಂದೆ ಸಾಗಬಹುದು. ತಪ್ಪಿದರೆ ಓದುಗ ಪಕ್ಕದ ಮೇಜಿನವರನ್ನು ಕೇಳಿಯಾನು. ಏಜೆಂಟಿಗೆ ಬೇಕಾದದ್ದು ಆದೇಶದ ಕರಾರುವಾಕ್ಕಾದ ರೂಪ, ಅದಕ್ಕೆ ಬರುವ ಉತ್ತರದ ಮಾದರಿ, ತಪ್ಪಾದಾಗ ಏನು ಮಾಡಬೇಕು, ಏನನ್ನು ಮುಟ್ಟಲೇಬಾರದು ಎಂಬ ವಿವರ. ಹಾಗೆಂದು ಪುರಾಣದಷ್ಟು ಉದ್ದ ಬರೆದರೂ ಕೆಟ್ಟಿತು. ಏಜೆಂಟ್ ಒಮ್ಮೆಗೆ ಗಮನದಲ್ಲಿ ಇಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯುಂಟು. ಕೈಪಿಡಿಯೇ ಜಾಗವನ್ನೆಲ್ಲ ತಿಂದರೆ ಕೆಲಸಕ್ಕೆ ಉಳಿಯುವುದೆಷ್ಟು? ಆದ್ದರಿಂದಲೇ ಪ್ರೋಗ್ರಾಮಿನ ಜೊತೆಗೆ ‘ಏಜೆಂಟ್ಸ್’ ಎಂಬ ಹೆಸರಿನ ಚಿಕ್ಕದೊಂದು ಕಡತ ಇಡುವ ವಾಡಿಕೆ 2025ರಲ್ಲಿ ಬಳಕೆಗೆ ಬಂತು.

ಎಲ್ಲಕ್ಕಿಂತ ತೊಡಕಿನ ಮಾತೊಂದಿದೆ. ಮೈಸೂರಿನ ಯಾವುದೇ ಕಚೇರಿಯಲ್ಲಿ ಸಾಹೇಬರು ಕೆಲಸ ಹೇಳಿದ ಕೂಡಲೇ ಬರುವ ಉತ್ತರ: ‘ಆಯ್ತು ಸಾರ್.’ ಸಂಜೆ ಏನಾಯಿತೆಂದು ಕೇಳಿದರೂ ‘ಆಯ್ತು ಸಾರ್.’ ಮೊದಲನೆಯದಕ್ಕೆ ‘ಒಪ್ಪಿದೆ’ ಎಂದರ್ಥ, ಎರಡನೆಯದಕ್ಕೆ ‘ಮುಗಿಸಿದೆ’ ಎಂದು. ಧಾಟಿಯಲ್ಲೇ ಭೇದ ತಿಳಿಯುತ್ತದೆ. ಮೂರನೆಯದೊಂದು ಧಾಟಿಯಲ್ಲಿ ‘ಆಗುವುದಿಲ್ಲ’ ಎಂಬ ಅರ್ಥವೂ ಬರುತ್ತದೆಂಬುದು ಅನುಭವಸ್ಥರಿಗೆ ಗೊತ್ತು. ಪಟ್ಟಿಗೆ ಧಾಟಿ ಇಲ್ಲ. ಅಲ್ಲಿರುವುದು ತೆರೆದಿದೆ, ನಡೆಯುತ್ತಿದೆ, ತಡೆದಿದೆ, ಮುಚ್ಚಿದೆ ಎಂಬಂಥ ಗುರುತುಗಳು. ಏಜೆಂಟರಿಗೋ ಅರ್ಧ ಕೆಲಸಕ್ಕೇ ‘ಮುಚ್ಚಿದೆ’ ಎಂದು ಗುರುತು ಹಾಕುವ ಚಾಳಿ ಇದೆ. ಬರೆದ ಪ್ರೋಗ್ರಾಮನ್ನು ಓಡಿಸಿ ನೋಡದೆಯೇ ಎಲ್ಲ ಸರಿಯಾಗಿದೆ ಎನ್ನುವುದುಂಟು. ಆದ್ದರಿಂದ ‘ಕೆಲಸ ಮುಗಿದ ಮೇಲೆ ಮುಚ್ಚಿ’ ಎಂದು ಬರೆದರೆ ಸಾಲದು. ‘ಪರೀಕ್ಷೆ ಓಡಿಸಿ, ಫಲಿತಾಂಶ ನೋಡಿ, ಸರಿಯಿದ್ದರೆ ಮಾತ್ರ ಮುಚ್ಚಿ, ಉಳಿದದ್ದನ್ನು ಹೊಸ ಕೆಲಸವಾಗಿ ದಾಖಲಿಸಿ’ ಎಂದು ಬಿಡಿಸಿ ಹೇಳಬೇಕು. ಇಷ್ಟು ಬಿಡಿಸಿ ಹೇಳಿದ್ದರೆ ಸರ್ಕಾರಿ ಕಚೇರಿಗಳ ಎಷ್ಟೋ ಕಡತಗಳೂ ಉದ್ಧಾರವಾಗುತ್ತಿದ್ದವೇನೋ.

ಬರೆದ ಮಾತ್ರಕ್ಕೆ ಎಲ್ಲವೂ ನಡೆಯುತ್ತದೆಂದಲ್ಲ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ‘ರೆಪ್ಲಿಟ್’ ಕಂಪನಿಯ ಏಜೆಂಟನ್ನು ಕೆಲಸಕ್ಕೆ ಹಚ್ಚಿದ್ದರು. ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಸ್ಪಷ್ಟವಾಗಿಯೇ ಹೇಳಿದ್ದರೂ ಅದು ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಹಿಂದಕ್ಕೆ ತರಲು ಸಾಧ್ಯವೇ ಇಲ್ಲವೆಂದು ಬೇರೆ ಹೇಳಿತು. ನೋಡಿದರೆ ತರಲು ಸಾಧ್ಯವಿತ್ತು! ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿದರು. ಆಮೇಲೆ ಕಂಪನಿ ಮಾಡಿದ ಏರ್ಪಾಡು ಕೈಪಿಡಿಗೆ ಇನ್ನೊಂದು ಸಾಲು ಸೇರಿಸುವುದಲ್ಲ. ಪ್ರಯೋಗದ ಡೇಟಾಬೇಸನ್ನೂ ನಿಜ ಬಳಕೆಯ ಡೇಟಾಬೇಸನ್ನೂ ಬೇರೆ ಬೇರೆ ಮಾಡುವುದು.