26 ಸೆಕೆಂಡಿಗೆ 1 ಕೋಟಿ 60 ಲಕ್ಷ ಡಾಲರ್, ನಮ್ಮ ಡಬ್ಬಕ್ಕೆ ಗುಜರಿ ರೇಟು!



2003ರಲ್ಲಿ ನಮ್ಮ ಪ್ರೆಸ್ಸಿನ ಹಳೇ ಟ್ರೆಡಲ್ ಮಿಷನ್ ಕಿತ್ತು ಆಫ್‌ಸೆಟ್ ಹಾಕಿಸಿದಾಗ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದೆವು. ಸೀಸಕ್ಕೆ ಒಳ್ಳೇ ರೇಟಿತ್ತು. ಅದರ ಜೊತೆಗೆ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ದುಂಡನೆಯ ತಗಡಿನ ಡಬ್ಬಗಳೂ ಹೋದವು. ಅವನ್ನು ಗುಜರಿಯವನ ಆಟೋಗೆ ಎತ್ತಿಟ್ಟವನು ನಾನೇ. ಒಳಗಿದ್ದದ್ದು ನಮ್ಮ ದೊಡ್ಡಪ್ಪ ತೆಗೆದ 8 ಎಂಎಂ ರೀಲು. 1982ರ ಗೋಕಾಕ್ ಚಳವಳಿಯ ಮೆರವಣಿಗೆ ನಮ್ಮ ಬೀದಿಯಲ್ಲಿ ಹೋದಾಗ ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು ತೆಗೆದದ್ದಂತೆ. ಅಪ್ಪನ ಹೆಗಲ ಮೇಲೆ ಮೂರು ವರ್ಷದ ನಾನೂ ಅದರಲ್ಲಿದ್ದೆನಂತೆ. ಇದನ್ನೆಲ್ಲ ಅಮ್ಮ ಹೇಳಿದ್ದು ಡಬ್ಬ ಹೋದ ಆರು ತಿಂಗಳಿಗೆ. ಡಬ್ಬದ ಮೇಲೆ ಏನೂ ಬರೆದಿರಲಿಲ್ಲ. ಅಕ್ಷರ ಮಾರಿಯೇ ಅನ್ನ ತಿನ್ನುವ ಮನೆಯಲ್ಲಿ ಡಬ್ಬದ ಮೇಲೆ ಒಂದಕ್ಷರ ಇರಲಿಲ್ಲ, ನೋಡಿ!

ಈ ಹಳೇ ಗಾಯ ಈಗ ಕೆದಕಿದ್ದು ಯಾಕೆಂದರೆ, ಹಳೇ ವಸ್ತು ಕೊಳ್ಳುವ ಹುಡುಗನೊಬ್ಬ ಮೊನ್ನೆ ಪ್ರೆಸ್ಸಿಗೆ ಬಂದಿದ್ದ. 'ಮನೆಯವರು ತೆಗೆದ ರೀಲು ಇದ್ರೆ ಕೊಡಿ ಸಾರ್, ಫಾರಿನ್ನಲ್ಲಿ ಕೋಟಿಗಟ್ಟಲೆ ಬೆಲೆ' ಅಂದ. ಕೆನಡಿ ರೀಲಿನ ಕತೆ ಹೇಳಿದ. ಅರ್ಧ ನಿಜ, ಅರ್ಧ ಬುರುಡೆ. ಪೂರ್ತಿ ಕತೆ ನಾನು ಹೇಳುತ್ತೇನೆ.

ಅಬ್ರಹಾಂ ಜಪ್ರೂಡರ್ ಅಂತ ಒಬ್ಬ. ಅಮೆರಿಕದ ಡಲ್ಲಾಸ್ ಊರಿನಲ್ಲಿ ಹೆಂಗಸರ ಉಡುಪು ಹೊಲಿಸಿ ಮಾರುವ ವ್ಯಾಪಾರಿ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಊರಿಗೆ ಬರುವ ದಿನ. ಈತ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬಂದಿದ್ದ. ಆಫೀಸಿನ ಸಹಾಯಕಿ ಬಲವಂತ ಮಾಡಿ ವಾಪಸ್ ಕಳಿಸಿ ತರಿಸಿದಳು. ಎತ್ತರಕ್ಕೆ ಹತ್ತಿದರೆ ತಲೆ ಸುತ್ತುವ ಆಸಾಮಿ ಬೇರೆ. ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತು ಸಿನಿಮಾ ತೆಗೆಯುವಾಗ ಆಫೀಸಿನ ಇನ್ನೊಬ್ಬ ಹುಡುಗಿ ಹಿಂದಿನಿಂದ ಹಿಡಿದುಕೊಂಡಿದ್ದಳು. ಕ್ಯಾಮೆರಾ ಬೆಲ್ ಅಂಡ್ ಹೊವೆಲ್, 8 ಎಂಎಂ. ಮೆರವಣಿಗೆ ಸಿಕ್ಕಿದ್ದು 26 ಸೆಕೆಂಡು, 486 ಚೌಕ. ಅಷ್ಟರಲ್ಲೇ ಅಧ್ಯಕ್ಷನ ತಲೆಗೆ ಗುಂಡು ಬಿತ್ತು. ಅಲ್ಲಿ ಇನ್ನೂ ಹಲವರು ಕ್ಯಾಮೆರಾ ಹಿಡಿದಿದ್ದರು, ಆದರೆ ಕೊಲೆಯನ್ನು ಇಷ್ಟು ಹತ್ತಿರದಿಂದ, ಇಷ್ಟು ಪೂರ್ತಿಯಾಗಿ ಹಿಡಿದದ್ದು ಈ ರೀಲು.

ಮರುದಿನ ಬೆಳಿಗ್ಗೆಯೇ 'ಲೈಫ್' ಪತ್ರಿಕೆಯವರು ಬಾಗಿಲಲ್ಲಿ ಹಾಜರು. 50,000 ಡಾಲರಿಗೆ ಅಚ್ಚಿನ ಹಕ್ಕು. ಎರಡು ದಿನ ಬಿಟ್ಟು ಸಕಲ ಹಕ್ಕಿಗೂ ಸೇರಿಸಿ ಒಟ್ಟು 1,50,000 ಡಾಲರ್, ಕಂತಿನಲ್ಲಿ. ಅದರಲ್ಲಿ 25,000 ಡಾಲರನ್ನು ಜಪ್ರೂಡರ್ ಅದೇ ದಿನ ಗುಂಡಿಗೆ ಸತ್ತ ಪೊಲೀಸಿನವ ಟಿಪ್ಪಿಟ್‌ನ ಹೆಂಡತಿಗೆ ಕೊಟ್ಟುಬಿಟ್ಟ. ಈತನಿಗೆ ಒಂದು ಕೆಟ್ಟ ಕನಸು ಬಿದ್ದಿತ್ತಂತೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಯಾರೋ ದಲ್ಲಾಳಿ ಥೇಟರ್ ಮುಂದೆ ನಿಂತು ಅಧ್ಯಕ್ಷನ ತಲೆ ಒಡೆಯುವುದನ್ನು ನೋಡಬನ್ನಿ ಅಂತ ಕೂಗುವ ಕನಸು. ದುಡ್ಡು ಬೇಡ ಅನ್ನಲಿಲ್ಲ, ನಾಚಿಕೆಯನ್ನೂ ಬಿಡಲಿಲ್ಲ. ಮನುಷ್ಯ ಅಂದರೆ ಹಾಗೇ ಅಲ್ಲವೇ?

'ಲೈಫ್' ಏನು ಮಾಡಿತು ಗೊತ್ತೇ? ತನ್ನ ಲ್ಯಾಬಿನಲ್ಲೇ 208ರಿಂದ 211ರವರೆಗಿನ ನಾಲ್ಕು ಚೌಕ ಹಾಳು ಮಾಡಿ, ಕತ್ತರಿಸಿ ಅಂಟಿಸಿತು. ಪುಣ್ಯಕ್ಕೆ ಮೊದಲ ದಿನವೇ ಮೂರು ಪ್ರತಿ ಮಾಡಿಸಿದ್ದರಿಂದ ಆ ಚೌಕಗಳು ಉಳಿದವು. 1975ರ ಮಾರ್ಚ್‌ನಲ್ಲಿ ಅಮೆರಿಕದ ಜನ ಮೊದಲ ಸಲ ಅದನ್ನು ಟೀವಿಯಲ್ಲಿ ನೋಡಿದರು. ಕೊಲೆಯಾಗಿ ಹನ್ನೊಂದು ವರ್ಷದ ಮೇಲೆ! ಅದೇ ವರ್ಷ 'ಲೈಫ್'ನ ಒಡೆಯರಾದ ಟೈಮ್ ಕಂಪನಿಯವರು ರೀಲನ್ನು ಜಪ್ರೂಡರ್ ಕುಟುಂಬಕ್ಕೆ ಒಂದೇ ಒಂದು ಡಾಲರಿಗೆ ವಾಪಸ್ ಕೊಟ್ಟರು. ಜಪ್ರೂಡರ್ 1970ರಲ್ಲೇ ತೀರಿಹೋಗಿದ್ದ.

ಈಗ ಅಸಲಿ ಕತೆ. ಕೆನಡಿ ಕೊಲೆಯ ದಾಖಲೆಗಳೆಲ್ಲ ಸರ್ಕಾರದ ಕೈಯಲ್ಲಿರಬೇಕೆಂದು 1992ರಲ್ಲಿ ಕಾಯಿದೆ ಬಂತು. 1998ರ ಆಗಸ್ಟ್ 1ರಂದು ಈ ರೀಲು ಸರ್ಕಾರದ ಸ್ವತ್ತಾಯಿತು. ಬೆಲೆ ಎಷ್ಟು ಎಂಬುದೇ ಜಗಳ. ಕುಟುಂಬ 3 ಕೋಟಿ ಡಾಲರ್ ಕೇಳಿತು. ಸರ್ಕಾರ 10 ಲಕ್ಷದ ಸುತ್ತಮುತ್ತ ಮಾತಾಡಿತು. ಮೂವರು ಪಂಚರು ಕೂತು 1999ರಲ್ಲಿ ಎರಡಕ್ಕೆ ಒಂದು ಮತದಿಂದ 1 ಕೋಟಿ 60 ಲಕ್ಷ ಡಾಲರ್ ಅಂತ ತೀರ್ಪು ಕೊಟ್ಟರು. ನಾನು ಪ್ರೆಸ್ಸಿನವನು, ಪುಟಕ್ಕಿಷ್ಟು ಅಂತ ಲೆಕ್ಕ ಹಾಕುವುದು ಅಭ್ಯಾಸ. ಒಂದೊಂದು ಚೌಕಕ್ಕೆ ಸುಮಾರು 33,000 ಡಾಲರ್ ಬಿತ್ತು. ಚೌಕ ಎಷ್ಟು ದೊಡ್ಡದು? ಅವರೆಕಾಳಿನ ಅರ್ಧದಷ್ಟೂ ಇಲ್ಲ.

ಇನ್ನೊಂದು ಸೂಕ್ಷ್ಮ ಗಮನಿಸಿ. ಆ ದುಡ್ಡು ಕೊಟ್ಟದ್ದು ಚಿತ್ರದ ಹಕ್ಕಿಗಲ್ಲ. ಕಾಪಿರೈಟ್ ಕುಟುಂಬದ ಬಳಿಯೇ ಇತ್ತು, ಆಮೇಲೆ 1999ರ ಕೊನೆಯಲ್ಲಿ ಅದನ್ನು ಡಲ್ಲಾಸಿನ ಸಿಕ್ಸ್ತ್ ಫ್ಲೋರ್ ಮ್ಯೂಸಿಯಮ್ಮಿಗೆ ದಾನ ಮಾಡಿದರು. ಸರ್ಕಾರ ದುಡ್ಡು ಸುರಿದದ್ದು ಕ್ಯಾಮೆರಾದೊಳಗೆ ಓಡಿದ ಆ ಆರಡಿ ಪಟ್ಟಿಗೆ. ಒಣಗಿ ಕುಗ್ಗಿದ ಪಟ್ಟಿಗೆ!

ಯಾಕೆ ಅಷ್ಟು ಬೆಲೆ? ಹಳೇ ಪ್ರೆಸ್ಸಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕಿ, ಮೊಳೆ ಬಿಚ್ಚಿ ಮನೆಗಳಿಗೆ ಹಂಚಿದ ಮೇಲೆ ಆ ಪುಟ ಮತ್ತೆ ಹುಟ್ಟುವುದಿಲ್ಲ. ಮನೆಮಂದಿ ಬಳಸುತ್ತಿದ್ದ 8 ಎಂಎಂ ರೀಲೂ ಹಾಗೇ. ದೊಡ್ಡ ಸಿನಿಮಾಕ್ಕೆ ನೆಗೆಟಿವ್ ಇರುತ್ತದೆ, ಬೇಕಾದಷ್ಟು ಪ್ರಿಂಟು ತೆಗೆಯಬಹುದು. ಇದಕ್ಕೆ ನೆಗೆಟಿವೇ ಇಲ್ಲ. ಕ್ಯಾಮೆರಾದಲ್ಲಿ ಓಡಿದ ಪಟ್ಟಿಯನ್ನೇ ತೊಳೆದು ಪ್ರೊಜೆಕ್ಟರಿಗೆ ಏರಿಸುವುದು. ಜಗತ್ತಿನಲ್ಲಿ ಒಂದೇ ಪ್ರತಿ. ಅದು ಹೋದರೆ ಹೋಯಿತು. ಅದೇ ಡಲ್ಲಾಸಿನಲ್ಲಿ ಅದೇ ದಿನ ಆರ್ವಿಲ್ ನಿಕ್ಸ್ ಎಂಬುವನು ರಸ್ತೆಯ ಆಚೆಯಿಂದ ತೆಗೆದ ರೀಲನ್ನು ಸುದ್ದಿ ಸಂಸ್ಥೆಯೊಂದಕ್ಕೆ 5,000 ಡಾಲರಿಗೆ ಮಾರಿದ. ಅದರ ಪ್ರತಿಗಳಿವೆ. ಮೂಲ ಪಟ್ಟಿ 1978ರ ನಂತರ ನಾಪತ್ತೆ. ಅವನ ಮನೆಯವರು ಇವತ್ತಿಗೂ ಹುಡುಕುತ್ತಿದ್ದಾರೆ.

ಹಾಗಂತ ಹಳೇ ರೀಲೆಲ್ಲ ಬಂಗಾರವೇ? ಅಲ್ಲ ಸ್ವಾಮಿ! ಅಲ್ಲೇ ಆ ಹುಡುಗನ ಬುರುಡೆ ಇರುವುದು. ಸಾವಿರಾರು ಮದುವೆ ರೀಲು, ನಾಮಕರಣ ರೀಲು ಮೂರು ಕಾಸಿಗೂ ಹೋಗುವುದಿಲ್ಲ. ಜಪ್ರೂಡರ್ ರೀಲಿಗೆ ಬೆಲೆ ಬಂದದ್ದು ಯಾರು, ಎಲ್ಲಿ, ಯಾವ ದಿನ, ಆಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೆಲ್ಲ ಕಾಗದದ ಮೇಲೆ ಇದ್ದದ್ದರಿಂದ. ಹೆಸರಿಲ್ಲದ ರೀಲು ಬರೀ ಪ್ಲಾಸ್ಟಿಕ್ಕು. ಅದರಲ್ಲೂ 8 ಎಂಎಂ ರೀಲು ಬಹುತೇಕ ಮೂಕ. ಅದರೊಳಗಿನ ಜನ ಯಾವ ಭಾಷೆಯಲ್ಲಿ ಘೋಷಣೆ ಕೂಗಿದರು ಅಂತ ಪಟ್ಟಿ ಹೇಳುವುದಿಲ್ಲ. ಡಬ್ಬದ ಮೇಲಿನ ಬರಹವೇ ಹೇಳಬೇಕು.

ಬೆಲೆಯ ಮಾತು ಬಿಟ್ಟು ಒಂದು ವಿಷಯ ಹೇಳಲೇಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಲಕ್ಷಕ್ಕೂ ಮೀರಿದ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿತು. ಅವರು ಕ್ಯಾಮೆರಾ ಇಟ್ಟುಕೊಳ್ಳುವಂತಿಲ್ಲ. ಯೂಟಾ ಮರುಭೂಮಿಯ ಟೋಪಾಜ್ ಶಿಬಿರದಲ್ಲಿದ್ದ ಡೇವ್ ತತ್ಸುನೋ ಎಂಬ ಅಂಗಡಿಯವನು ಒಳ್ಳೆಯ ಮನಸ್ಸಿನ ಮೇಲಧಿಕಾರಿಯ ಸಹಾಯದಿಂದ ತನ್ನ 8 ಎಂಎಂ ಕ್ಯಾಮೆರಾ ಒಳಗೆ ತರಿಸಿಕೊಂಡ. ಕದ್ದುಮುಚ್ಚಿ ಬಣ್ಣದ ರೀಲು ತೆಗೆದ. ಧೂಳು, ಹಿಮ, ಆಡುವ ಮಕ್ಕಳು, ಪ್ರಾರ್ಥನೆಗೆ ಹೋಗುವ ಮುದುಕರು. ಕೊಲೆ ಇಲ್ಲ, ರಕ್ತ ಇಲ್ಲ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದನ್ನು ಸೇರಿಸಿದರು. ಅದಕ್ಕೆ ಮೊದಲು ಆ ಪಟ್ಟಿಗೆ ಸೇರಿದ್ದ ಮನೆ ರೀಲು ಒಂದೇ, ಜಪ್ರೂಡರನದು. ಸರ್ಕಾರಿ ಕ್ಯಾಮೆರಾ ನೋಡದ್ದನ್ನು ಅಂಗಡಿಯವನು ನೋಡಿದ್ದ. ಇದಕ್ಕೆ ಯಾವ ಪಂಚರು ಬೆಲೆ ಕಟ್ಟುತ್ತಾರೆ?

ನನ್ನನ್ನು ಕೇಳಿದರೆ, ಇಂಥ ಪಟ್ಟಿ ಕೊಳ್ಳುವವನ ಬೀರುವಿನಲ್ಲಿ ಇರಬಾರದು, ಸಾರ್ವಜನಿಕರದ್ದಾಗಬೇಕು. ಆದರೆ ಕಾಪಾಡಿದ ಮನೆಗೆ ನ್ಯಾಯವಾದ ದುಡ್ಡೂ ಸಿಗಬೇಕು. 1 ಕೋಟಿ 60 ಲಕ್ಷ ಜಾಸ್ತಿಯಾಯಿತು, ಒಪ್ಪುತ್ತೇನೆ. ಗುಜರಿ ರೇಟು ಮಾತ್ರ ಅನ್ಯಾಯ.

ನಿಮ್ಮ ಮನೆಯ ಅಟ್ಟದಲ್ಲಿ ಡಬ್ಬ ಸಿಕ್ಕರೆ ಆತುರಕ್ಕೆ ಪ್ರೊಜೆಕ್ಟರಿಗೆ ಹಾಕಬೇಡಿ. ಕುಗ್ಗಿದ ಪಟ್ಟಿಯ ತೂತು ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ವಿನಿಗರ್ ವಾಸನೆ ಬಂದರೆ ಕೊಳೆಯುತ್ತಿದೆ ಅಂತ ಅರ್ಥ, ತಡ ಮಾಡಬೇಡಿ, ಸ್ಕ್ಯಾನ್ ಮಾಡಿಸಿ. ಫೋನಿನಲ್ಲಿ ಬಂತಲ್ಲ ಅಂತ ಮೂಲ ಪಟ್ಟಿ ಎಸೆಯಬೇಡಿ. ಅಜ್ಜಿ ಬದುಕಿದ್ದರೆ ಕೂರಿಸಿಕೊಂಡು ಯಾರ್ಯಾರು ಅಂತ ಕೇಳಿ ಬರೆದುಕೊಳ್ಳಿ, ಕನ್ನಡದಲ್ಲೇ ಬರೆಯಿರಿ.

ಅಂದಹಾಗೆ, ದೊಡ್ಡಪ್ಪನ ಮನೆ ಒಡೆಯುವಾಗ ಐದನೇ ಡಬ್ಬವೊಂದು ಸಿಕ್ಕಿದೆ. ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ 'ಪ್ರೆಸ್ ಮುಂದೆ, ಜನ' ಅಂತಷ್ಟೇ ಇದೆ, ಇಸವಿ ಇಲ್ಲ. ಆ ಹುಡುಗ ಐದು ಸಾವಿರ ಕೊಡುತ್ತೇನೆಂದು ಕೂತಿದ್ದ. ಚಹಾ ಕುಡಿಸಿ ಕಳಿಸಿದೆ. ಮುಂದಿನ ವಾರ ಸ್ಕ್ಯಾನಿಗೆ ಒಯ್ಯುತ್ತಿದ್ದೇನೆ, ಅಮ್ಮನನ್ನೂ ಕರೆದುಕೊಂಡು.